ಅರಳಿ ಮರದ ಬುಡದ ಹಣತೆಗಳು

ನಮ್ಮ ಬ್ಲಾಕಿನಲ್ಲಿ ಶಿವರಾಮ್ ಅಂಕಲ್ ಅಂದರೆ ಎಲ್ಲರಿಗೂ ನೆನಪಾಗುವುದು ಅವರ ಇಕ್ಕಳ. ಕಸ ಎತ್ತುವ ಮೂರಡಿ ಉದ್ದದ ಇಕ್ಕಳ. ಹಿಡಿ ಜಾರದಿರಲಿ ಎಂದು ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಅದನ್ನು ಭುಜದ ಮೇಲಿಟ್ಟುಕೊಂಡು ಲಿಫ್ಟಿನಿಂದ ಹೊರಬರುವ ಅವರ ಫೋಟೋಗಳು ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ನೂರಾದರೂ ಇರಬೇಕು. ಹಣತೆಗಳ ಫೋಟೋ ಒಂದೂ ಇಲ್ಲ. ಅವುಗಳ ಸಂಗತಿ ಪೂರ್ತಿ ಗೊತ್ತಿರುವುದು ಇಬ್ಬರಿಗೆ, ಅವರಿಗೆ ಮತ್ತು ನನಗೆ. ಅವರು ಈಗ ಯಾರ ಜೊತೆಗೂ ಹೆಚ್ಚು ಮಾತಾಡುವುದಿಲ್ಲ. ನನಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅಂಕಲ್ ಮೈಸೂರಿನ ಒಂಟಿಕೊಪ್ಪಲಿನವರು. ಊರು ಬಿಟ್ಟು ಈ ದ್ವೀಪದೇಶಕ್ಕೆ ಬಂದು, ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಪಂಪು, ಪೈಪು, ಚರಂಡಿ, ಇವುಗಳ ನಡುವೆಯೇ ಆಯುಸ್ಸು ಕಳೆದಿದ್ದರು. ಕ್ಲೆಮೆಂಟಿಯ ನಮ್ಮ ಬ್ಲಾಕಿನ ಮೂರನೇ ಮಹಡಿಯಲ್ಲಿ ಅವರು ಮತ್ತು ಹೆಂಡತಿ ಹಂಸಾ ಆಂಟಿ, ಇಬ್ಬರೇ. ಮಕ್ಕಳಿಲ್ಲ. ಮಕ್ಕಳಿಲ್ಲದ ಕೆಲವು ಗಂಡ ಹೆಂಡತಿ ವಯಸ್ಸಾದಂತೆ ಒಬ್ಬರಿಗೊಬ್ಬರು ಮಗುವಾಗುತ್ತಾರೆ, ಇವರು ಹಾಗಿದ್ದರು. ಆಂಟಿಯ ಸಕ್ಕರೆ ಕಾಯಿಲೆಯ ಮಾತ್ರೆ ಯಾವ ಹೊತ್ತಿಗೆ ಎಂಬುದು ಆಂಟಿಗಿಂತ ಅಂಕಲ್‌ಗೆ ಚೆನ್ನಾಗಿ ಗೊತ್ತಿತ್ತು.

ನಾನು ಅದೇ ಬ್ಲಾಕಿನ ಎಂಟನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ಪಾಯಾ ಲೆಬಾರ್‌ನ ಆಫೀಸಿನಲ್ಲಿ ವಾರವಿಡೀ ಕೋಡು ಬರೆದು, ಭಾನುವಾರ ಹತ್ತರವರೆಗೆ ಮಲಗುವುದೇ ಮೋಕ್ಷ ಎಂದುಕೊಂಡಿದ್ದವಳು. ನನ್ನನ್ನು ಈ ಕಸದ ಕೆಲಸಕ್ಕೆ ಎಳೆದದ್ದು ಸಮಾಜಸೇವೆಯ ಹುಚ್ಚಲ್ಲ, ಹಂಸಾ ಆಂಟಿಯ ಫಿಲ್ಟರ್ ಕಾಫಿ. ಕಸ ಎತ್ತಿ ಮುಗಿಸಿದವರು ಮೂರನೇ ಮಹಡಿಗೆ ಹೋದರೆ ಕಾಫಿಯ ಜೊತೆ ಗೊಜ್ಜವಲಕ್ಕಿ ಸಿಗುತ್ತಿತ್ತು. ಒಂಟಿ ಹೆಂಗಸಿಗೆ ಅಷ್ಟು ಸಾಕು.

ಆ ಭಾನುವಾರಗಳು ಶುರುವಾಗಿದ್ದು ಒಂದು ಜ್ವರದಿಂದ. ಕೋವಿಡ್ ವರ್ಷದಲ್ಲಿ ಆಂಟಿಗೆ ಡೆಂಗಿ ಬಂತು. ಆಸ್ಪತ್ರೆಗೆ ಸೇರಿಸಿದರು, ಆಗಿನ ನಿಯಮದಂತೆ ಅಂಕಲ್‌ಗೆ ಒಳಗೆ ಹೋಗುವಂತಿರಲಿಲ್ಲ. ಒಂಬತ್ತು ದಿನ ಅವರು ಮನೆಯಲ್ಲಿ ಒಬ್ಬರೇ ಫೋನಿನ ಮುಂದೆ ಕೂತಿದ್ದರು. ಏಳನೇ ದಿನ ದೇವರ ಮುಂದೆ ಹರಕೆ ಹೊತ್ತರು: ಹಂಸಾ ಉಳಿದು ಬಂದರೆ ಬದುಕಿರುವವರೆಗೂ ಕಾರ್ತಿಕದ ಸೋಮವಾರಗಳಂದು ಐದೈದು ಹೊಸ ಮಣ್ಣಿನ ಹಣತೆ ಹಚ್ಚುತ್ತೇನೆ. ಆಂಟಿ ಬಂದರು. ಬಿಡುಗಡೆಯ ದಿನ ಡಾಕ್ಟರು ಅಂಕಲ್‌ಗೆ ಒಂದು ಮಾತು ಹೇಳಿದರು. ಡೆಂಗಿಯಲ್ಲಿ ನಾಲ್ಕು ಬಗೆ, ಇವರಿಗೆ ಬಂದದ್ದು ಒಂದು. ಇನ್ನೊಂದು ಬಗೆ ಬಂದರೆ ಈ ವಯಸ್ಸಿನಲ್ಲಿ, ಈ ಸಕ್ಕರೆ ಕಾಯಿಲೆಯಲ್ಲಿ, ಉಳಿಸುವುದು ಕಷ್ಟ.

ಮಾರನೇ ದಿನವೇ ಅಂಕಲ್ ಇಕ್ಕಳ ಹಿಡಿದರು. ಮೊದಲು ಒಬ್ಬರೇ, ಆಮೇಲೆ ಟೌನ್ ಕೌನ್ಸಿಲ್‌ನವರಿಂದ ಚೀಲ, ಕೈಗವಸು, ಇನ್ನಷ್ಟು ಇಕ್ಕಳ ತಂದು ಬ್ಲಾಕಿನವರನ್ನು ಸೇರಿಸಿಕೊಂಡರು. ನಾನು ಅದಕ್ಕೆ ಇಕ್ಕಳ ಸಂಘ ಎಂದು ಹೆಸರಿಟ್ಟಿದ್ದೆ. ಬರುವ ಹತ್ತು ಜನರಲ್ಲಿ ಆರು ಜನ ಫೋಟೋಗೆ ಬರುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಕೌಶಿಕ್ ಅವರಿಗೆಲ್ಲ ನಾಯಕ; ನಾಲ್ಕು ಟಿಶ್ಯೂ ಪೇಪರ್ ಎತ್ತಿ ನಲವತ್ತು ಫೋಟೋ ಹಾಕುವವನು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಕಲ್ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ನಾವು ಪ್ಲಾಸ್ಟಿಕ್ಕು, ಪೇಪರು ಎಂದು ವಿಂಗಡಿಸಿದರೆ ಅವರು ಎರಡೇ ಜಾತಿ ಮಾಡುತ್ತಿದ್ದರು: ನೀರು ನಿಲ್ಲುವುದು, ನೀರು ನಿಲ್ಲದ್ದು. ಸಿಗರೇಟಿನ ತುಂಡು ಬಿದ್ದಿದ್ದರೆ ಆಮೇಲೆ ನೋಡೋಣ. ಬಬಲ್ ಟೀ ಲೋಟ, ಊಟದ ಡಬ್ಬಿ, ಬಾಟಲಿಯ ಮುಚ್ಚಳ, ಇವು ಮೊದಲು. ಲೋಟ ಸಿಕ್ಕರೆ ನೀರು ಚೆಲ್ಲಿ, ತುಳಿದು ಚಪ್ಪಟೆ ಮಾಡಿಯೇ ಚೀಲಕ್ಕೆ ಹಾಕಬೇಕು. ಬಟ್ಟೆ ಒಣಗಿಸುವ ಬಿದಿರ ಕೋಲುಗಳನ್ನು ಸಿಕ್ಕಿಸಲು ಕಿಟಕಿಯ ಹೊರಗೆ ಕೊಳವೆಗಳಿರುತ್ತವಲ್ಲ, ಅವುಗಳ ಬಾಯಿ ತೆರೆದಿದ್ದರೆ ಕೆಳಗಿನಿಂದಲೇ ಮನೆ ನಂಬರು ಲೆಕ್ಕ ಹಾಕಿ, ಹೋಗಿ ಬಾಗಿಲು ತಟ್ಟುತ್ತಿದ್ದರು.

ಆಂಟಿ ಅವರನ್ನು ರೇಗಿಸುತ್ತಿದ್ದರು. "ನೋಡು ವರ್ಷಾ, ಮನೆ ಬಾತ್‌ರೂಮ್ ಕ್ಲೀನ್ ಮಾಡ್ರೀ ಅಂದ್ರೆ ಇವರಿಗೆ ಬ್ಯಾಕ್ ಪೇನ್. ಊರ ಕಸ ಅಂದ್ರೆ ಬಗ್ಗಿ ಬಗ್ಗಿ ಎತ್ತುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ."

"ಊರಿಗಲ್ಲ ಕಣೇ, ಎತ್ತೋದು ನಿನಗೋಸ್ಕರ," ಎಂದು ಅಂಕಲ್ ಪೇಪರಿನಿಂದ ತಲೆಯೆತ್ತದೆ ಹೇಳುತ್ತಿದ್ದರು. ನಾವು ನಗುತ್ತಿದ್ದೆವು. ಅದು ತಮಾಷೆಯಲ್ಲ, ಬರೀ ನಿಜ ಎಂದು ನನಗೆ ಗೊತ್ತಿತ್ತು.

ಹರಕೆಯ ದೀಪಗಳ ವಿಷಯ ನನಗೆ ತಿಳಿದದ್ದು ಹೋದ ಡಿಸೆಂಬರಿನಲ್ಲಿ. ನಮ್ಮ ಬ್ಲಾಕಿನ ಹಿಂದೆ, ಕಾಲುವೆಯ ಕಡೆಗೆ ಇಳಿಜಾರಿನಲ್ಲಿ, ಒಂದು ಅರಳಿ ಮರವಿದೆ. ಅಂಕಲ್ ಅಡುಗೆಮನೆಯ ಕಿಟಕಿಯಿಂದ ನೇರ ಕೆಳಗೆ. ಅದರ ಬೇರುಗಳ ನಡುವೆ ಯಾರೋ ಬಿಟ್ಟುಹೋದ ಒಂದು ಚೀನೀ ದೇವರ ಪಿಂಗಾಣಿ ಗೊಂಬೆ ಇತ್ತು, ಕೈ ಮುರಿದದ್ದು. ಆ ಭಾನುವಾರ ನಾನು ಜರೀಗಿಡಗಳನ್ನು ಸರಿಸಿ ನೋಡಿದರೆ ಹಿಂದಿನ ಪೊಟರೆಯಲ್ಲಿ ಸಾಲಾಗಿ ಹಣತೆಗಳು. ಪುಟಾಣಿ ದೀಪಾವಳಿ ಹಣತೆಗಳಲ್ಲ. ಇರುಳೆಲ್ಲ ಉರಿಯುವಷ್ಟು ಎಣ್ಣೆ ಹಿಡಿಯುವ, ಬೋಗುಣಿಯಷ್ಟು ಆಳದವು. ಹಳೆಯವು ಪಾಚಿ ಹಿಡಿದಿದ್ದವು, ಮುಂದಿನವು ಹೊಸವು. ನೂರರ ಹತ್ತಿರ ಇರಬೇಕು. ಒಂದನ್ನು ಇಕ್ಕಳದಲ್ಲಿ ಎತ್ತಿ ಚೀಲದ ಬಾಯಿ ಬಿಡಿಸಿದೆ.

"ಏಯ್, ಇಡು ಅದನ್ನ." ಅಂಕಲ್ ಹಾಗೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಹತ್ತಿರ ಬಂದು ಇಕ್ಕಳದಿಂದ ಹಣತೆಯನ್ನು ಕೈಗೆ ತೆಗೆದುಕೊಂಡರು. "ಅದು ಕಸ ಅಲ್ಲಮ್ಮ. ಹಂಸನ ಹರಕೆ ದೀಪ."

"ಇಲ್ಲಿ ಯಾಕಿಟ್ಟಿದ್ದೀರಿ ಅಂಕಲ್?"

"ಮತ್ತೆಲ್ಲಿಡಲಿ? ಒಂದು ವರ್ಷದ ದೀಪ ಇನ್ನೊಂದು ವರ್ಷದ ಹರಕೆಗೆ ಬರಲ್ಲ. ಅಡುಗೆಮನೆ ಕಸದ ಚ್ಯೂಟ್‌ಗೆ ಹಾಕೋದಾ? ಮೇಲಿನವರು ಮೀನಿನ ಮುಳ್ಳು ಹಾಕ್ತಾರೆ, ಡಯಾಪರ್ ಹಾಕ್ತಾರೆ. ನಮ್ಮಮ್ಮ ಅರಳಿ ಮರದ ಬುಡದಲ್ಲೇ ಇಡೋರು."

"ನೀರು ನಿಲ್ಲಲ್ವಾ?"

ಅವರು ಹಣತೆಯನ್ನು ಮತ್ತೆ ಪೊಟರೆಯಲ್ಲಿಟ್ಟರು. ಆಮೇಲೆ ಕಾರ್ಖಾನೆಯಲ್ಲಿ ಟ್ರೈನಿಗಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದರು. "ಎಣ್ಣೆ ಕುಡಿದಿರೋ ಮಣ್ಣು ಅದು. ನೀರು ನಿಂತ್ರೂ ಮೇಲೆ ಆಯಿಲ್ ಫಿಲ್ಮ್ ಫಾರ್ಮ್ ಆಗುತ್ತೆ. ಲಾರ್ವಾ ಬ್ರೀದ್ ಮಾಡೋಕಾಗಲ್ಲ. ಡ್ರೈನ್‌ಗೆ ಆಯಿಲ್ ಯಾಕೆ ಹಾಕ್ತಾರೆ ಮತ್ತೆ?"

ಇಪ್ಪತ್ತೇಳು ವರ್ಷ ಚರಂಡಿ ನೋಡಿಕೊಂಡವರ ಮುಂದೆ ಕೋಡು ಬರೆಯುವ ನಾನೇನು ಹೇಳಲಿ? ಚೀಲ ಎತ್ತಿಕೊಂಡು ಮುಂದೆ ಹೋದೆ. ಆ ದಿನ ಅಂಕಲ್ ಕಾಫಿಗೆ ಕರೆಯಲಿಲ್ಲ. ಮುಂದಿನ ಭಾನುವಾರವೂ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ತುಂಬ ನೋವಾಯಿತು. ಇನ್ನು ಆ ಮರದ ತಂಟೆಗೆ ಹೋಗುವುದಿಲ್ಲ ಎಂದುಕೊಂಡೆ. ಅಲ್ಲಿ ಗುಡಿಸುವ ಬಾಂಗ್ಲಾದ ಕೆಲಸಗಾರ ರಫೀಕ್ ಕೂಡ ಅದನ್ನು ದೇವರ ಜಾಗವೆಂದು ಬಿಟ್ಟು ಸುತ್ತ ಮಾತ್ರ ಗುಡಿಸುತ್ತಿದ್ದ.

ಜನವರಿಯಲ್ಲಿ ಸಂಕ್ರಾಂತಿಗೆ ಮುಂಚೆ ಮೂರು ದಿನ ಎಡೆಬಿಡದೆ ಮಳೆ ಸುರಿಯಿತು. ಅದು ನಿಂತ ಭಾನುವಾರ ನಾನು ಇಳಿಜಾರಿನಲ್ಲಿ ಬಿದ್ದಿದ್ದ ಒಂದು ಕೊಡೆಯನ್ನು ಎತ್ತಲು ಹೋದಾಗ, ಮಳೆಗೆ ಜರೀಗಿಡಗಳು ಒರಗಿ ಬಯಲಾಗಿದ್ದ ಪೊಟರೆ ಕಣ್ಣಿಗೆ ಬಿತ್ತು. ಹಣತೆಗಳಲ್ಲಿ ಅಂಚಿನ ತನಕ ನೀರು. ಎಣ್ಣೆಯ ಪಸೆ ಇತ್ತೇ? ನಾನು ಬಗ್ಗಿ ನೋಡಲಿಲ್ಲ. ನೋಡಿದರೆ ಅಂಕಲ್‌ಗೆ ಹೇಳಬೇಕಾಗುತ್ತಿತ್ತು, ಹೇಳಿದರೆ ಮತ್ತೆ ಮುನಿಸು. ಆಗಷ್ಟೇ ಮಾತು ಸರಿಹೋಗಿತ್ತು. ಕೊಡೆ ಎತ್ತಿಕೊಂಡು ಬಂದೆ. ಎರಡು ದಿನ ಬಿಟ್ಟು ಹಂಸಾ ಆಂಟಿ ಎಂಟನೇ ಮಹಡಿಗೆ ಬಂದು ಎಳ್ಳು ಬೆಲ್ಲ ಕೊಟ್ಟು, "ಒಳ್ಳೆ ಮಾತಾಡು, ಆಫೀಸ್‌ನವರ ಹತ್ರಾನೂ," ಎಂದು ಕೆನ್ನೆ ತಟ್ಟಿ ಹೋದರು. ನಾನು ಆ ಎಳ್ಳು ಬೆಲ್ಲ ತಿಂದೆ.

ತಿಂಗಳ ಕೊನೆಗೆ ಲಿಫ್ಟಿನ ಪಕ್ಕ ಡೆಂಗಿಯ ಬ್ಯಾನರು ಕಟ್ಟಿದರು. ಮೊದಲು ಹಳದಿ, ವಾರದಲ್ಲಿ ಸುತ್ತಲಿನ ಬ್ಲಾಕುಗಳಲ್ಲಿ ಹತ್ತು ಜನಕ್ಕೆ ಜ್ವರ ಬಂದು ಕೆಂಪು. ಅಂಕಲ್‌ಗೆ ಅದನ್ನು ನೋಡಿ ಹುಚ್ಚು ಹಿಡಿದಂತಾಯಿತು. ಭಾನುವಾರಕ್ಕೆ ಕಾಯದೆ ದಿನಾ ಇಳಿದರು. ಮಹಡಿ ಮಹಡಿ ಹತ್ತಿ ಹೂಕುಂಡಗಳ ತಟ್ಟೆ ಬೋರಲು ಹಾಕಿಸಿದರು, ಬಾಗಿಲು ತೆರೆಯದವರ ಜೊತೆ ಜಗಳವಾಡಿದರು. ಆಂಟಿಯ ಕೈಕಾಲಿಗೆ ದಿನಕ್ಕೆ ಮೂರು ಸಲ ತಾವೇ ಸೊಳ್ಳೆ ಔಷಧಿ ಸವರಿದರು. ಇಡೀ ಬ್ಲಾಕಿನಲ್ಲಿ ಅವರು ತಡಕದೆ ಬಿಟ್ಟದ್ದು ಒಂದೇ ಜಾಗ.

ಫೆಬ್ರವರಿಯ ಎರಡನೇ ವಾರ ಆಂಟಿಗೆ ಜ್ವರ ಬಂತು. ಅದೇ ದಿನ ಆಸ್ಪತ್ರೆಗೆ ಸೇರಿಸಿದರು. ಎರಡನೇ ಸಲದ ಡೆಂಗಿ, ಬೇರೆ ಬಗೆ.

ನಾಲ್ಕನೇ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕಿಟಕಿಯಿಂದ ನೋಡಿದರೆ ಸೊಳ್ಳೆ ಹುಡುಕುವ ಇನ್‌ಸ್ಪೆಕ್ಟರುಗಳು ಮರದ ಬಳಿ ನಿಂತಿದ್ದಾರೆ. ಲ್ಯಾಪ್‌ಟಾಪು ಹಾಗೇ ಬಿಟ್ಟು ಇಳಿದೆ. ಒಬ್ಬ ಹುಡುಗಿ ಮಂಡಿಯೂರಿ ಕೂತು, ಹಣತೆಯ ನೀರನ್ನು ಬಿಳಿ ತಟ್ಟೆಗೆ ಸುರಿದಳು. ನೀರಿನಲ್ಲಿ ಸಣ್ಣ ಸಣ್ಣ ಹುಳುಗಳು ಮೈ ಮಡಿಸಿ ಬಿಚ್ಚುತ್ತ ಓಡಾಡುತ್ತಿದ್ದವು. ಇನ್ನೊಂದು ಹಣತೆ, ಅದರಲ್ಲೂ. ಮೂರನೆಯದರಲ್ಲಿ ಎಣ್ಣೆಯ ಪಸೆಯಿತ್ತು, ಹುಳು ಇರಲಿಲ್ಲ. ಅಂಕಲ್ ಹೇಳಿದ್ದು ಸುಳ್ಳಲ್ಲ, ಆದರೆ ಮಳೆ ಉಳಿದವುಗಳ ಎಣ್ಣೆಯನ್ನೆಲ್ಲ ತೊಳೆದುಕೊಂಡು ಹೋಗಿತ್ತು.

"ಇವು ಯಾರದು?" ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಪ್ರೇಯರ್ ಥಿಂಗ್, ಮೇಡಂ. ಐ ನೋ ಟಚ್," ಎಂದ ರಫೀಕ್.

ನಾನು ಗೊತ್ತಿಲ್ಲ ಎಂದೆ. ಅವರು ಅಷ್ಟೂ ಹಣತೆಗಳ ನೀರು ಚೆಲ್ಲಿ, ಅವನ್ನು ಚೀಲಕ್ಕೆ ತುಂಬಿ, ಪೊಟರೆಗೆ ಔಷಧಿ ಹಾಕಿ ಹೋದರು. ಇನ್ನೂ ಮೂರು ಕಡೆ ಹುಳು ಸಿಕ್ಕಿತಂತೆ. ನಾನು ಆ ಮೂರು ಕಡೆಗಳನ್ನು ಬಿಗಿಯಾಗಿ ನೆನಪಿಟ್ಟುಕೊಂಡೆ.

ಮಾರನೇ ಬೆಳಿಗ್ಗೆ ಅಂಕಲ್ ಫೋನು ಮಾಡಿದರು. ದನಿಯಲ್ಲಿ ಹಬ್ಬವಿತ್ತು. "ಜ್ವರ ಬಿಟ್ಟಿತು ವರ್ಷಾ. ಕಾಫಿ ಕೇಳ್ತಿದ್ದಾಳೆ, ಇಲ್ಲಿಯ ಕಾಫಿ ಕಲಗಚ್ಚು ಅಂತ ಬೈತಿದ್ದಾಳೆ." ನಾನು ಖುಷಿಯಿಂದ ಅತ್ತುಬಿಟ್ಟೆ. ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ ಶುರು ಎಂದು ನನಗೆ ಗೊತ್ತಿರಲಿಲ್ಲ. ಸಂಜೆಗೆ ಆಂಟಿಯ ಹೊಟ್ಟೆಯೊಳಗೆ ರಕ್ತ ಸೋರತೊಡಗಿತು, ಬಿಪಿ ಕುಸಿಯಿತು. ಮರುದಿನ ಮಧ್ಯಾಹ್ನ ಹೋಗಿಬಿಟ್ಟರು. ಅರವತ್ತನಾಲ್ಕು ವರ್ಷ.

ಮಂಡಾಯ್ ಚಿತಾಗಾರದಿಂದ ಬಂದ ಮೇಲೆ ಅಂಕಲ್, ಆಂಟಿ ಮಲಗುತ್ತಿದ್ದ ಕೋಣೆಯಲ್ಲಿ ಒಂದು ಹಣತೆ ಹಚ್ಚಿಟ್ಟರು. ಕಾರ್ತಿಕದ್ದರಲ್ಲಿ ಉಳಿದಿದ್ದ ಒಂದು ಹೊಸ ಹಣತೆ. ಹದಿಮೂರನೇ ದಿನದ ವೈಕುಂಠ ಸಮಾರಾಧನೆಯವರೆಗೆ ಅದು ಆರಬಾರದು. ಅಂಕಲ್ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಎಣ್ಣೆ ಇಳಿದಂತೆ ಹುಯ್ಯುತ್ತ ಕೂತಿರುತ್ತಿದ್ದರು.

ಐದನೇ ದಿನವೋ ಆರನೇ ದಿನವೋ ಕೌಶಿಕ್ ಮಾತಾಡಿಸಲು ಬಂದ. ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ.

"ಇಷ್ಟು ಕಸ ಎತ್ತಿದ ನಿಮಗೇ ಹೀಗಾಗಬೇಕಾ ಅಂಕಲ್," ಎಂದು ಅವನು ಹೇಳುವುದು ಕೇಳಿಸಿತು. "ಹಿಂದ್ಗಡೆ ಮರದ ಹತ್ರ ಯಾರೋ ಹಣತೆ ಡಂಪ್ ಮಾಡಿದ್ರಂತೆ, ತುಂಬಾ ಲಾರ್ವಾ ಸಿಕ್ತಂತೆ. ನಮ್ಮ ಇಂಡಿಯನ್ಸೇ ಇರಬೇಕು. ಇರೆಸ್ಪಾನ್ಸಿಬಲ್ ಜನ. ಹಿಡಿದು ಫೈನ್ ಹಾಕ್ಬೇಕು ಅಂಥವರಿಗೆ."

ಅವನಿಗೆ ಏನೂ ಗೊತ್ತಿರಲಿಲ್ಲ, ಸಮಾಧಾನ ಹೇಳಲೆಂದೇ ಬಂದಿದ್ದ. ಆದರೂ ಬಿಸಿ ಕಾಫಿ ಅವನ ಮೂತಿಗೆ ಎರಚೋಣವೆನಿಸಿತು. ಲೋಟ ಹಿಡಿದು ಹೊರಗೆ ಬಂದಾಗ ಅಂಕಲ್ ಅವನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ನಾನು ತಲೆ ತಗ್ಗಿಸಿದೆ. ಅವರಿಗೆ ಅಷ್ಟರಲ್ಲೇ ತಿಳಿಯಿತು.

"ಹೌದು, ಫೈನ್ ಹಾಕ್ಬೇಕು," ಎಂದರು ಅಂಕಲ್, ಮತ್ತು ಎದ್ದು ಒಳಗೆ ದೀಪಕ್ಕೆ ಎಣ್ಣೆ ಹುಯ್ಯಲು ಹೋದರು.

ಹದಿಮೂರು ದಿನ ಕಳೆದ ಮೇಲಿನ ಭಾನುವಾರ ನಾನು ಏಳಕ್ಕೆ ಇಳಿದೆ. ಡೆಂಗಿಯ ಹೆದರಿಕೆಗೆ ಇಕ್ಕಳ ಸಂಘದ ಒಬ್ಬರೂ ಬಂದಿರಲಿಲ್ಲ. ಕೆಂಪು ಬ್ಯಾನರು ಹಾಗೇ ಇತ್ತು. ಅಭ್ಯಾಸಬಲದಿಂದ ನೀರು ನಿಲ್ಲುವ ವಸ್ತುಗಳನ್ನೇ ಹುಡುಕುತ್ತ ಬ್ಲಾಕಿನ ಹಿಂದೆ ಬಂದರೆ, ಅಂಕಲ್ ಮರದ ಕೆಳಗೆ ನಿಂತಿದ್ದರು. ಇಕ್ಕಳ ಗೋಡೆಗೆ ಒರಗಿತ್ತು. ಎರಡೂ ಅಂಗೈಯಲ್ಲಿ ಆಂಟಿಯ ಕೋಣೆಯ ಹಣತೆ, ತೊಳೆದದ್ದು.

"ಎಷ್ಟು ಕಡೆ ಸಿಕ್ತಂತೆ?" ಎಂದು ಕೇಳಿದರು.

"ನಾಲ್ಕು ಕಡೆ ಅಂಕಲ್. ಕಾರ್‌ಪಾರ್ಕ್ ಡ್ರೈನಲ್ಲಿ ಸಿಕ್ತು. ಎದುರು ಬ್ಲಾಕ್ ಕಾರಿಡಾರಲ್ಲಿ ಕುಂಡದಲ್ಲಿ ಸಿಕ್ತು. ಪ್ಲೇಗ್ರೌಂಡ್ ಹತ್ರ ಟೈರಲ್ಲಿ ಸಿಕ್ತು. ಎಲ್ಲಿಂದ ಬಂತು ಅಂತ ಯಾರೂ ಹೇಳೋಕಾಗಲ್ಲ." ಇದನ್ನು ನಾನು ಎಷ್ಟೋ ಸಲ ಬಾಯಿಪಾಠ ಮಾಡಿಕೊಂಡಿದ್ದೆ.

ಅವರು ತಲೆಯೆತ್ತಿ ತಮ್ಮ ಅಡುಗೆಮನೆಯ ಕಿಟಕಿ ನೋಡಿದರು. "ಇದರಲ್ಲಿ ಯಾವುದು ಹತ್ತಿರ?"

ನನಗೆ ಇನ್ನು ತಡೆಯಲಾಗಲಿಲ್ಲ. "ಅಂಕಲ್, ಸಂಕ್ರಾಂತಿ ಮುಂಚೆ ನಾನು ನೋಡಿದ್ದೆ. ನೀರು ತುಂಬಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಬೋರಲು ಹಾಕಿಬಿಟ್ಟಿದ್ರೂ ಸಾಕಿತ್ತು. ಅದನ್ನೂ ಮಾಡಲಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನೂ ನೋಡಿದ್ದೆ," ಎಂದರು. "ದಿನಾ ಮೇಲಿಂದ ಕಾಣ್ತಿತ್ತು, ನೀರು ಹೊಳೆಯೋದು. ಬೋರಲು ಹಾಕೋಣ ಅಂತ ಒಂದು ಸಲ ಇಳಿದೂ ಬಂದೆ. ದೀಪ ಬೋರಲು ಹಾಕಬಾರದು ಅಂತ ಅಮ್ಮ ಹೇಳ್ತಿದ್ರು, ಮನೆ ಬೆಳಕು ಹೋಗುತ್ತೆ ಅಂತ. ವಾಪಸ್ ಹೋದೆ."

"ಎಣ್ಣೆ ಇರುತ್ತಲ್ಲ, ಅದಕ್ಕೆ ನೀವು..."

"ಎಣ್ಣೆ ಅಂದಿದ್ದು ನಿನ್ನ ಬಾಯಿ ಮುಚ್ಚಿಸೋಕೆ. ಮಳೆಗೆ ಎಣ್ಣೆ ನಿಲ್ಲಲ್ಲ ಅಂತ ನನಗೆ ಗೊತ್ತಿಲ್ವಾ? ನನಗೆ ನಾನು ಹೇಳಿಕೊಂಡಿದ್ದೇ ಬೇರೆ." ಅವರು ಹಣತೆಯನ್ನು ನೋಡುತ್ತ ಹೇಳಿದರು. "ಅವಳ ಜೀವಕ್ಕೆ ಅಂತ ಹಚ್ಚಿದ ದೀಪ. ಅದರಲ್ಲಿ ಸೊಳ್ಳೆ ಹುಟ್ಟುತ್ತಾ ಅಂದ್ಕೊಂಡೆ."

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಪೊಟರೆ ಖಾಲಿಯಿತ್ತು, ಔಷಧಿಯ ಘಾಟು ಇನ್ನೂ ಹೋಗಿರಲಿಲ್ಲ. ಕೈ ಮುರಿದ ಚೀನೀ ದೇವರು ಮಾತ್ರ ಅಲ್ಲೇ ಇತ್ತು.

"ಚೀಲ ಬಿಡಿಸು," ಎಂದರು.

"ಬೇಡ ಅಂಕಲ್, ಅದು ಆಂಟಿದು. ನಾನು ಎಲ್ಲಾದರೂ ಸಮುದ್ರಕ್ಕೆ ಬಿಟ್ಟು ಬರ್ತೀನಿ."

"ಬಿಡಿಸಮ್ಮ."

ಬಿಡಿಸಿದೆ. ಒಳಗೆ ಎರಡು ಬಬಲ್ ಟೀ ಲೋಟ, ಯಾರೋ ತಿಂದು ಎಸೆದ ಅನ್ನದ ಡಬ್ಬಿ ಇದ್ದವು. ಅಂಕಲ್ ಹಣತೆಯ ಒಳಗೆ ಬೆರಳಾಡಿಸಿ ನೋಡಿದರು. ತೊಳೆದ ನೀರು ತಳದಲ್ಲಿ ಒಂದು ಹನಿ ಉಳಿದಿತ್ತೇನೋ. ಅಂಗಿಯ ತುದಿಯಿಂದ ಅದನ್ನು ಒರೆಸಿದರು, ಇನ್ನೊಮ್ಮೆ ಒರೆಸಿದರು, ಬೆಳಕಿಗೆ ಹಿಡಿದು ಪೂರ್ತಿ ಒಣಗಿದೆಯೇ ಎಂದು ನೋಡಿದರು. ಆಮೇಲೆ ಬೋರಲು ಮಾಡಿ ಚೀಲದೊಳಗೆ ಇಟ್ಟು, ಮೆಟ್ಟಿಲ ಕಡೆಗೆ ನಡೆದರು.

ಗೋಡೆಗೆ ಒರಗಿಸಿದ್ದ ಇಕ್ಕಳವನ್ನು ಅವರು ತೆಗೆದುಕೊಳ್ಳಲಿಲ್ಲ. ಅದು ಈಗ ನನ್ನ ಮನೆಯಲ್ಲಿದೆ. ಭಾನುವಾರ ನಾನು ಅದನ್ನೇ ಹಿಡಿದು ಇಳಿಯುತ್ತೇನೆ, ಬ್ಲಾಕಿನ ಹಿಂದೆ ಹೋದಾಗ ಮೂರನೇ ಮಹಡಿಯ ಕಿಟಕಿ ಮುಚ್ಚಿರುತ್ತದೆ.